ಓವರ್‌ಹೆಡ್ ಮೈಕಿಗೆ ಯಾವ ಸ್ಟ್ಯಾಂಡ್? ನನ್ನ ಮತ ಸಿನಿಮಾದವರ ಸಿ-ಸ್ಟ್ಯಾಂಡಿಗೆ

ಡ್ರಮ್ ಧ್ವನಿಮುದ್ರಣಕ್ಕೆಂದು ಎರಡು ವರ್ಷಗಳಲ್ಲಿ ನಾಲ್ಕು ಬಗೆಯ ಮೈಕ್ ಸ್ಟ್ಯಾಂಡುಗಳನ್ನು ಬಳಸಿ ನೋಡಿದ್ದೇನೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಅಗ್ಗದ ಮೂರು ಕಾಲಿನದು, ಗೆಳೆಯನಿಂದ ಎರವಲು ತಂದ ಜರ್ಮನಿಯ ಕೆ ಅಂಡ್ ಎಂ ಕಂಪನಿಯದು, ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಒಂದು, ಕೊನೆಗೆ ಸಿನಿಮಾ ಲೈಟಿನವರು ಬಳಸುವ ಸಿ-ಸ್ಟ್ಯಾಂಡ್. ಈಗ ನನ್ನ ಕೋಣೆಯಲ್ಲಿ ಡ್ರಮ್ ಸೆಟ್ಟಿನ ಮೇಲೆ ಮೈಕ್ ಹಿಡಿದು ನಿಂತಿರುವುದು ಆ ಕೊನೆಯದು. ಅದನ್ನು ಬಿಟ್ಟುಕೊಡುವ ಯೋಚನೆ ನನಗಿಲ್ಲ.

ಅಗ್ಗದ್ದರಿಂದಲೇ ಶುರುಮಾಡುತ್ತೇನೆ, ಏಕೆಂದರೆ ಇಷ್ಟೆಲ್ಲ ಅಲೆದಾಟಕ್ಕೆ ಕಾರಣ ಅದೇ. ಒಂದಕ್ಕೆ 1,200 ರೂಪಾಯಿಯಂತೆ ನಾಲ್ಕು ತಂದಿದ್ದೆ. ಹಾಡುವವರ ಮುಂದೆ ನಿಲ್ಲಿಸಿದರೆ ಅವುಗಳ ಬಗ್ಗೆ ಯಾರೂ ಕೆಟ್ಟ ಮಾತು ಆಡುವಂತಿಲ್ಲ. ಆದರೆ ಮೈಕ್ ಹಿಡಿಯುವ ಅಡ್ಡ ತೋಳನ್ನು ಪೂರ್ತಿ ಚಾಚಿ, ತುದಿಗೆ ಮುನ್ನೂರು ಗ್ರಾಂ ತೂಕದ ಕಂಡೆನ್ಸರ್ ಮೈಕ್ ಸಿಕ್ಕಿಸಿ, ಕೆಳಗೆ ಒಬ್ಬ ಬಲಿಷ್ಠ ಹುಡುಗನನ್ನು ಡ್ರಮ್ ಬಾರಿಸಲು ಕೂರಿಸಿದರೆ ಕಥೆಯೇ ಬೇರೆ.

ಅಂದು ಮೂರನೆಯ ಟೇಕ್ ನಡೆಯುತ್ತಿತ್ತು. ಹೆಡ್‌ಫೋನಿನಲ್ಲಿ ಸ್ನೇರ್, ಅಂದರೆ ಡ್ರಮ್ ಸೆಟ್ಟಿನ ಮುಖ್ಯ ಡ್ರಮ್, ಏಕೋ ತೆಳುವಾಗಿದೆ ಎನಿಸಿತು. ಬಾರಿಸುವವನು ದಣಿದಿರಬೇಕು ಎಂದುಕೊಂಡೆ. ಐದನೆಯ ಟೇಕಿಗೆ ಇನ್ನೂ ತೆಳುವಾಯಿತು. ಎದ್ದು ಹೋಗಿ ದಾರ ಹಿಡಿದು ಅಳೆದೆ. ಇಂಗ್ಲೆಂಡಿನ ಧ್ವನಿ ಎಂಜಿನಿಯರ್ ಗ್ಲಿನ್ ಜಾನ್ಸ್ ಹೆಸರಿನಲ್ಲಿ ಒಂದು ಪದ್ಧತಿ ಇದೆ: ಒಂದು ಮೈಕ್ ಮೇಲೆ, ಇನ್ನೊಂದು ನೆಲದ ಮೇಲೆ ನಿಲ್ಲುವ ದೊಡ್ಡ ಡ್ರಮ್ಮಾದ ಫ್ಲೋರ್ ಟಾಮಿನ ಪಕ್ಕ, ಎರಡೂ ಸ್ನೇರಿನ ನಡುಬಿಂದುವಿನಿಂದ ಒಂದೇ ದೂರದಲ್ಲಿ. ನಾನು ಪಾಲಿಸುವುದು ಅದನ್ನೇ. ಬೆಳಿಗ್ಗೆ ಎರಡನ್ನೂ 102 ಸೆಂ.ಮೀ.ಗೆ ಕಟ್ಟಿದ್ದೆ. ಈಗ ಮೇಲಿನದು 97ಕ್ಕೆ ಇಳಿದಿತ್ತು. ಬಿದ್ದಿರಲಿಲ್ಲ, ಸದ್ದೂ ಮಾಡಿರಲಿಲ್ಲ. ನಿದ್ದೆ ಬಂದವನ ತಲೆಯ ಹಾಗೆ ತೋಳು ತಾನಾಗಿಯೇ ಕೆಳಗೆ ಜೋತಿತ್ತು.

ಐದು ಸೆಂಟಿಮೀಟರಿಗೆ ಇಷ್ಟು ರಂಪವೇ ಎನ್ನಬೇಡಿ. ಶಬ್ದ ಒಂದು ಮಿಲಿಸೆಕೆಂಡಿನಲ್ಲಿ ಸಾಗುವುದು ಸುಮಾರು 34 ಸೆಂ.ಮೀ. ಎರಡು ಮೈಕುಗಳ ನಡುವೆ ಐದು ಸೆಂ.ಮೀ. ವ್ಯತ್ಯಾಸ ಬಂದರೆ, ಎರಡನ್ನೂ ಕೂಡಿಸಿದಾಗ 3,400 ಹರ್ಟ್ಸ್ ಆಸುಪಾಸಿನಲ್ಲಿ ಒಂದರ ಅಲೆ ಇನ್ನೊಂದರ ಅಲೆಯನ್ನು ನುಂಗುತ್ತದೆ. ಸ್ನೇರಿನ ಮೇಲೆ ಕೋಲು ಬಿದ್ದಾಗಿನ ಚಟ್ ಎಂಬ ಏಟು ಇರುವುದೇ ಆ ಸುತ್ತಿನಲ್ಲಿ. ಹುಡುಗನ ತಪ್ಪೇನೂ ಇರಲಿಲ್ಲ. ಸುಮ್ಮನೆ ಬೈಸಿಕೊಂಡ.

ಸ್ಟ್ಯಾಂಡ್ ಬಿಚ್ಚಿ ನೋಡಿದರೆ ತೋಳಿನ ಕೀಲಿನ ಒಳಗೆ ಇದ್ದದ್ದು ಒಂದು ಪ್ಲಾಸ್ಟಿಕ್ ಬಿಲ್ಲೆ, ಅದರ ಮೇಲೆ ಸವೆದ ಹಲ್ಲುಗಳು. ಬಿಗಿ ಮಾಡಲು ಹೋದಷ್ಟೂ ಪ್ಲಾಸ್ಟಿಕ್ಕಿನಲ್ಲಿ ಹುದುಗಿಸಿದ್ದ ಹಿತ್ತಾಳೆಯ ನಟ್ಟೇ ಸುತ್ತತೊಡಗಿತು. ಅಂಗಡಿಗೆ ಒಯ್ದಾಗ ಬಂದ ಉತ್ತರ: “ಇದಕ್ಕೆ ಬಿಡಿಭಾಗ ಬರುವುದಿಲ್ಲ ಸರ್, ಇನ್ನೊಂದು ತೆಗೆದುಕೊಳ್ಳಿ.” ಸ್ಟ್ಯಾಂಡ್ ಗಟ್ಟಿಯೇ ಎಂದು ನೋಡಲು ಎಲ್ಲರೂ ಬುಡವನ್ನು ಅಲ್ಲಾಡಿಸುತ್ತಾರೆ. ನಾನು ಈಗ ತೋಳನ್ನು ಪೂರ್ತಿ ಎಳೆದು, ತುದಿಗೆ ಅರ್ಧ ಲೀಟರಿನ ನೀರಿನ ಬಾಟಲಿ ಕಟ್ಟಿ, ಕಾಫಿ ಕುಡಿದು ಬಂದು ನೋಡುತ್ತೇನೆ.

ಕೆ ಅಂಡ್ ಎಂ 210/9 ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಯಿತು. ಜರ್ಮನಿಯ ವರ್ಥೈಮಿನಲ್ಲಿರುವ ಈ ಕಂಪನಿ 1949ರಿಂದ ಇದೇ ಕಸುಬಿನಲ್ಲಿದೆ, ಅದು ಕೀಲು ತಿರುಗಿಸಿದ ಕೂಡಲೇ ಕೈಗೆ ತಿಳಿಯುತ್ತದೆ. ಬಿಡಿಭಾಗಗಳೂ ಸಿಗುತ್ತವೆ. ಒಂದು ತಿಂಗಳು ನನ್ನಲ್ಲಿತ್ತು, ಒಂದು ಸಲವೂ ಜೋಲಲಿಲ್ಲ. ನನಗೆ ಒಗ್ಗದಿದ್ದದ್ದು ಎರಡು ಸಂಗತಿ. ಅದರ ಕಂಬ 1.6 ಮೀಟರ್‌ಗೆ ನಿಲ್ಲುತ್ತದೆ, ಅಲ್ಲಿಂದ ಮೇಲಕ್ಕೆ ತೋಳನ್ನೇ ಓರೆಯಾಗಿ ಎತ್ತಬೇಕು. ಎತ್ತಿದಷ್ಟೂ ಮುಂದಕ್ಕೆ ಚಾಚುವ ದೂರ ಕಡಿಮೆಯಾಗುತ್ತದೆ. ಮತ್ತೆ, ಅದರ ಮೂರು ಕಾಲುಗಳು ನೆಲದ ಮೇಲೆ ಚಪ್ಪಟೆಯಾಗಿ ಹರಡಿಕೊಳ್ಳುತ್ತವೆ. ತಟ್ಟೆಯಂಥ ಸಿಂಬಲ್‌ಗಳನ್ನು ಹೊತ್ತ ಸ್ಟ್ಯಾಂಡುಗಳ ಕಾಲುಗಳ ನಡುವೆ ಅವನ್ನು ತೂರಿಸುವುದೆಂದರೆ ತುಂಬಿದ ಬಸ್ಸಿನಲ್ಲಿ ಕಾಲಿಡಲು ಜಾಗ ಹುಡುಕಿದಂತೆ. ಬೆಲೆಯ ಮಾತು ಬೇಡ; ಒಂದರ ದುಡ್ಡಿಗೆ ಎಸ್.ಪಿ. ರಸ್ತೆಯಲ್ಲಿ ಆರೇಳು ಬರುತ್ತವೆ.

ವೆಲ್ಡಿಂಗ್ ಅಂಗಡಿಯ ಸ್ಟ್ಯಾಂಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ವ್ಯಾಯಾಮಶಾಲೆಯ ಹತ್ತು ಕಿಲೋ ಬಿಲ್ಲೆಯ ಮೇಲೆ ನೀರಿನ ಪೈಪು ನಿಲ್ಲಿಸಿದ್ದು. ವೆಲ್ಡ್ ಮಾಡುವಾಗ ಎರಡು ಡಿಗ್ರಿ ವಾಲಿತು, ಇಂದಿಗೂ ವಾಲಿಕೊಂಡೇ ಇದೆ. ಕೋಣೆಯ ಮೂಲೆಯ ಮೈಕಿಗೆ ಸಾಕು.

ಇನ್ನು ಸಿ-ಸ್ಟ್ಯಾಂಡ್. ಗಾಂಧಿನಗರದ ಕಡೆ ಲೈಟ್ ಯೂನಿಟ್ ನಡೆಸುವವರೊಬ್ಬರು ಹಳೆಯ ಸಾಮಾನು ಮಾರುತ್ತಿದ್ದಾರೆ ಎಂದು ತಿಳಿದು ಹೋದೆ. ತೋಳು ಸಮೇತ ಎರಡಕ್ಕೆ 11,000 ರೂಪಾಯಿ ಕೊಟ್ಟೆ. ಮೈಮೇಲೆಲ್ಲ ಗೀರು, ಒಂದು ಕಾಲಿಗೆ ಯಾವುದೋ ಸೆಟ್ಟಿನ ಹಸಿರು ಬಣ್ಣ. ಆದರೂ ಕಬ್ಬಿಣ ಕಬ್ಬಿಣವೇ. ಇದರ ಮೂರು ಕಾಲುಗಳು ಮೂರು ಬೇರೆ ಬೇರೆ ಎತ್ತರದಲ್ಲಿ ಕಂಬಕ್ಕೆ ಕೂಡಿಕೊಂಡಿರುತ್ತವೆ. ಹಾಗಾಗಿ ಒಂದರ ಕಾಲಿನ ಮೇಲೆ ಇನ್ನೊಂದರ ಕಾಲು ದಾಟುತ್ತದೆ, ಸಿಂಬಲ್ ಸ್ಟ್ಯಾಂಡಿನ ಸಂದಿಯಲ್ಲಿ ಸುಲಭವಾಗಿ ನುಸುಳುತ್ತದೆ. ತೋಳು ಒಂದು ಮೀಟರ್ ಉದ್ದ. ಕಂಬ ಮೂರು ಮೀಟರ್ ದಾಟುತ್ತದೆ, ಅಷ್ಟರಲ್ಲಿ ನನ್ನ ಕೋಣೆಯ ಛಾವಣಿಯೇ ಅಡ್ಡ ಬರುತ್ತದೆ.

ಲೈಟ್‌ಮನ್ ಒಬ್ಬರು ಹಣ ಎಣಿಸಿಕೊಳ್ಳುತ್ತಲೇ ಪಾಠ ಹೇಳಿಕೊಟ್ಟರು: “ಎತ್ತರದ ಕಾಲು ಯಾವಾಗಲೂ ಭಾರದ ಕೆಳಗೆ ಇರಲಿ ಸರ್, ಮರಳು ಚೀಲವನ್ನು ಅದಕ್ಕೇ ತೂಗುಹಾಕಿ. ತೋಳು ಮುಂದೆ ಚಾಚಿರುವಾಗ ಕೀಲು ಬಿಗಿಯುವ ಹಿಡಿ ನಿಮ್ಮ ಬಲಗೈಗೆ ಬರಬೇಕು.” ಹಿಡಿ ಬಲಕ್ಕಿದ್ದರೆ ಭಾರ ಕೆಳಗೆ ಎಳೆದಷ್ಟೂ ಕೀಲು ಇನ್ನಷ್ಟು ಬಿಗಿಯಾಗುತ್ತದೆ, ಎಡಕ್ಕಿದ್ದರೆ ಸಡಿಲವಾಗುತ್ತದೆ. ಇಷ್ಟು ಸಣ್ಣ ವಿಷಯ ಮೈಕಿನ ಲೋಕದಲ್ಲಿ ನನಗೆ ಯಾರೂ ಹೇಳಿರಲಿಲ್ಲ.

ತೊಂದರೆ ಶುರುವಾದದ್ದು ಮನೆಗೆ ಬಂದ ಮೇಲೆ. ಸಿ-ಸ್ಟ್ಯಾಂಡಿನ ತೋಳು ಐದು-ಎಂಟನೇ (5/8) ಇಂಚಿನದು. ಅಮೆರಿಕದ ಅಳತೆಯ ಮೈಕ್ ಹಿಡಿಕೆಯೂ ಐದು-ಎಂಟನೇ ಇಂಚಿನದೇ. ಎರಡೂ ಒಂದೇ ಎಂದು ಖುಷಿಯಾಗಿದ್ದೆ. ಒಂದೇ ಅಲ್ಲ. ಲೈಟಿನವರ ಐದು-ಎಂಟು ಎಂದರೆ 16 ಮಿಲಿಮೀಟರಿನ ನುಣುಪು ಸರಳು, ಅದರಲ್ಲಿ ಥ್ರೆಡ್ಡೇ, ಅಂದರೆ ತಿರುಪಿನ ಸುತ್ತುಗೆರೆಯೇ, ಇಲ್ಲ. ಮೈಕಿನವರದು ಇಂಚಿಗೆ 27 ಸುತ್ತಿನ ಥ್ರೆಡ್. “ಐದು-ಎಂಟು” ಎಂದು ನೋಡಿ ಆನ್‌ಲೈನಿನಲ್ಲಿ ತರಿಸಿದ ಅಡಾಪ್ಟರ್ ಸರಳಿನ ಮೂತಿಗೆ ಬಂದು ನಿಂತಿತು, ಒಳಗೆ ಹೋಗಲಿಲ್ಲ. ಎರಡನೆಯದನ್ನು ತರಿಸಿದೆ. ಅದು ಎರಡೂ ಕಡೆ ಥ್ರೆಡ್ ಇರುವಂಥದ್ದು.

ಹಾರ್ಡ್‌ವೇರ್ ಅಂಗಡಿಗೆ ಹೋಗಿ ಐದು-ಎಂಟರ ನಟ್ ಕೇಳಿದೆ, ಸರಳಿಗೆ ಅದನ್ನೇ ವೆಲ್ಡ್ ಮಾಡಿಸೋಣ ಎಂದು. ಅಲ್ಲಿ ಸಿಗುವ ನಟ್ಟಿಗೆ ಇಂಚಿಗೆ 11 ಸುತ್ತು. ಮೈಕಿನ 27ಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಯುರೋಪಿನವರ ಮೈಕ್ ಹಿಡಿಕೆಯ ಮೂರು-ಎಂಟನೇ (3/8) ಇಂಚು ಮಾತ್ರ ಪುಣ್ಯಕ್ಕೆ ಸಾಮಾನ್ಯ ಬೋಲ್ಟಿನ ಅಳತೆಯೇ, ಇಂಚಿಗೆ 16 ಸುತ್ತು. ಇದು ತಿಳಿಯಲು ನನಗೆ ಎರಡು ವಾರ ಬೇಕಾಯಿತು. ಅಷ್ಟು ದಿನ ಹನ್ನೊಂದು ಸಾವಿರದ ಸ್ಟ್ಯಾಂಡುಗಳ ಮೇಲೆ ಒಗೆದ ಬಟ್ಟೆ ಒಣಗುತ್ತಿತ್ತು.

ಕೊನೆಗೆ ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಒಂದು ಲೇತ್ ಅಂಗಡಿ. ಯಜಮಾನರು ತೋಳನ್ನು ಕೈಯಲ್ಲಿ ಹಿಡಿದು, ವರ್ನಿಯರ್ ಇಟ್ಟು, “ಇದಕ್ಕೆ ಹಿತ್ತಾಳೆಯ ಟೊಪ್ಪಿಗೆ ಮಾಡಿದರೆ ಆಯಿತಲ್ಲ” ಎಂದರು. ಒಂದು ತುದಿಯಲ್ಲಿ 16 ಮಿ.ಮೀ. ರಂಧ್ರ, ಪಕ್ಕದಿಂದ ಬಿಗಿಯಲು ಒಂದು ಸಣ್ಣ ತಿರುಪು, ಇನ್ನೊಂದು ತುದಿಯಲ್ಲಿ ಮೂರು-ಎಂಟರ ಥ್ರೆಡ್. ಸಂಜೆಗೆ ಸಿದ್ಧ. ಮೊದಲ ದಿನವೇ ಟೊಪ್ಪಿಗೆ ಸರಳಿನ ಮೇಲೆ ಮೆಲ್ಲನೆ ಸುತ್ತಿ ಮೈಕ್ ಗೋಡೆಯ ಕಡೆ ಮುಖ ಮಾಡಿತು. ಮತ್ತೆ ಒಯ್ದೆ. ಈ ಬಾರಿ ಅವರು ಸರಳಿನ ತುದಿಯನ್ನು ಅರದಿಂದ ಉಜ್ಜಿ ಒಂದು ಮಗ್ಗುಲು ಚಪ್ಪಟೆ ಮಾಡಿದರು, ತಿರುಪು ಅಲ್ಲಿ ಹೋಗಿ ಕೂರುವಂತೆ. ಅಂದಿನಿಂದ ಅಲ್ಲಾಡಿಲ್ಲ. ಮೊನ್ನೆ ಡೊಳ್ಳಿನ ತಂಡ ಬಂದಾಗ ನೆಲವೇ ನಡುಗಿತು. ಕುಣಿಯುವವರ ತಲೆಯ ಮೇಲೆ ಎರಡೂ ತೋಳುಗಳನ್ನು ಚಾಚಿದ್ದೆ. ಎಲ್ಲ ಮುಗಿದ ಮೇಲೆ ದಾರ ಹಿಡಿದರೆ ಬೆಳಗಿನ ಅಳತೆಯೇ.

ಕುಂದುಗಳಿಲ್ಲ ಎಂದಲ್ಲ. ತೋಳು ಸೇರಿ ಒಂದೊಂದೂ ಏಳೆಂಟು ಕಿಲೋ ತೂಗುತ್ತದೆ. ತೋಳಿನ ಹಿಂದಿನ ತುದಿ ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಅದಕ್ಕೆ ಟೆನಿಸ್ ಚೆಂಡನ್ನು ಸೀಳಿ ಸಿಕ್ಕಿಸಿದ್ದೇನೆ. ಪಕ್ಕದ ಮನೆಯ ಹುಡುಗರು ಅದರ ಮೇಲೆ ಕಣ್ಣಿಟ್ಟಿದ್ದಾರೆ.

ನಾನು ಸ್ಟ್ಯಾಂಡ್ ಹೊತ್ತು ಕಾರ್ಯಕ್ರಮಗಳಿಗೆ ಹೋಗುವವನಲ್ಲ. ನಿಲ್ಲಿಸಿದ್ದು ನಿಂತಲ್ಲೇ ತಿಂಗಳುಗಟ್ಟಲೆ ಇರುತ್ತದೆ, ಭಾರ ನನಗೆ ಲೆಕ್ಕಕ್ಕಿಲ್ಲ. ವಾರಕ್ಕೆ ಎರಡು ಸಲ ಸ್ಕೂಟರಿನಲ್ಲಿ ಸಾಮಾನು ಸಾಗಿಸುವವನಾಗಿದ್ದರೆ ಕಣ್ಣುಮುಚ್ಚಿ 210/9 ಕೊಳ್ಳುತ್ತಿದ್ದೆ. ಸ್ನೇರಿನ ಪಕ್ಕದ ಕುಳ್ಳು ಸ್ಟ್ಯಾಂಡಿನ ಜಾಗ ಇನ್ನೂ ಖಾಲಿ ಇದೆ. ಸಿ-ಸ್ಟ್ಯಾಂಡ್ ಅಷ್ಟು ಕೆಳಕ್ಕೆ ಬಗ್ಗುವುದಿಲ್ಲ, ಸದ್ಯಕ್ಕೆ ಎಸ್.ಪಿ. ರಸ್ತೆಯ ನಾಲ್ಕರಲ್ಲಿ ಉಳಿದ ಒಂದರ ತೋಳಿಗೆ ಇನ್ಸುಲೇಷನ್ ಟೇಪ್ ಸುತ್ತಿ ದಿನ ದೂಡುತ್ತಿದ್ದೇನೆ. ಡೊಳ್ಳಿನ ಕೆಲಸದ ಹಣ ಕೈಗೆ ಬಂದರೆ ಅಲ್ಲಿಗೆ ಕೆ ಅಂಡ್ ಎಂ 259 ಒಂದನ್ನು ತರುವುದೆಂದಿದೆ.