ವೈದ್ಯಕೀಯ ಸಾಧನಗಳಿಗೆ ಲೇಬಲ್ ಪ್ರಿಂಟರ್ ಕೊಳ್ಳುವವರೇ, ಮೊದಲು ಲೇಬಲನ್ನು ಸ್ಟೆರಿಲೈಸ್ ಮಾಡಿ ನೋಡಿ

ಸಾಧನ ತಯಾರಿಸುವ ಒಂದು ಕಾರ್ಖಾನೆಯ ಪ್ಯಾಕಿಂಗ್ ಟೇಬಲ್ ಮೇಲೆ ಎಲ್ಲ ಪೌಚ್‌ಗಳೂ ಸರಿಯಾಗಿಯೇ ಸ್ಕ್ಯಾನ್ ಆಗಿದ್ದವು. ಸ್ಟೆರಿಲೈಸ್ ಮಾಡುವ ಎಥಿಲೀನ್ ಆಕ್ಸೈಡ್ ಅನಿಲದ ಚೇಂಬರ್‌ನಿಂದ ಹೊರಬರುವಷ್ಟರಲ್ಲಿ ಲೇಬಲ್‌ನ ಬಿಳಿ ಭಾಗ ಬೂದು ಬಣ್ಣಕ್ಕೆ ತಿರುಗಿತ್ತು, ಕೋಡ್ ಓದುತ್ತಿರಲಿಲ್ಲ. ಇಡೀ ಲಾಟನ್ನೇ (ಒಟ್ಟಿಗೆ ತಯಾರಾದ ತಂಡವನ್ನೇ) ತಡೆಹಿಡಿಯಬೇಕಾಯಿತು. ಕಾರಣ ಇಷ್ಟೇ: ಶಾಯಿ ರಿಬ್ಬನ್ ಖರ್ಚು ಉಳಿಯುತ್ತದೆ ಎಂದು, ಕಾಗದವನ್ನೇ ಬಿಸಿಮಾಡಿ ಮುದ್ರಿಸುವ ಡೈರೆಕ್ಟ್ ಥರ್ಮಲ್ ಪ್ರಿಂಟರ್ ಕೊಂಡಿದ್ದರು. ಆ ಕಾಗದ ಕಪ್ಪಾಗುವುದೇ ಶಾಖಕ್ಕೆ. ಬಿಸಿ, ತೇವ ಎರಡೂ ಗಂಟೆಗಟ್ಟಲೆ ತಾಗುವ ಕಡೆ ಅದನ್ನು ಹಚ್ಚಲೇಬಾರದು. 121 ಡಿಗ್ರಿ ಉಗಿಯಲ್ಲಂತೂ ಅದು ಪೂರ್ತಿ ಕಪ್ಪು.

ರಿಬ್ಬನ್‌ನ ಶಾಯಿಯನ್ನು ಕರಗಿಸಿ ಲೇಬಲ್‌ಗೆ ಅಂಟಿಸುವ ಥರ್ಮಲ್ ಟ್ರಾನ್ಸ್‌ಫರ್ ಪ್ರಿಂಟರ್‌ಗೆ ಬದಲಾದ ಮಾತ್ರಕ್ಕೆ ತೊಂದರೆ ಮುಗಿಯುವುದಿಲ್ಲ. ಅಗ್ಗದ ವ್ಯಾಕ್ಸ್ (ಮೇಣದ) ರಿಬ್ಬನ್ ಹಾಕಿದರೆ ಅಕ್ಷರ ಗಾಢವಾಗಿ ಮೂಡುತ್ತದೆ, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿದರೆ ಕದಡಿಹೋಗುತ್ತದೆ. ಇಲ್ಲಿಗೆ ರೆಸಿನ್ (ರಾಳದ) ರಿಬ್ಬನ್ ಬೇಕು. ರೆಸಿನ್ ಸರಿಯಾಗಿ ಕೂರಲು ನುಣುಪಾದ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಲೇಬಲ್ ಬೇಕು, ಹೆಚ್ಚು ಶಾಖ ಬೇಕು, ಹಾಗಾಗಿ ವೇಗ ತಗ್ಗಿಸಬೇಕು. ಕ್ಯಾಟಲಾಗ್‌ನಲ್ಲಿ ದೊಡ್ಡದಾಗಿ ಹಾಕಿರುವ ವೇಗ ನಿಮಗೆ ಸಿಗುವುದಿಲ್ಲವೆಂದೇ ಲೆಕ್ಕ ಹಾಕಿ. ಪ್ರಿಂಟರ್, ರಿಬ್ಬನ್, ಲೇಬಲ್, ಅಂಟು ನಾಲ್ಕೂ ಒಂದೇ ಜೋಡಣೆ. ಒಂದನ್ನು ಬದಲಿಸಿದರೆ ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕು. ಪೌಚ್‌ನ ಗಾಳಿಯಾಡುವ ಪದರವಾದ ಟೈವೆಕ್ ಮೇಲೆ ಲೇಬಲ್ ಅಂಟಿಸುವವರು ಇನ್ನೊಂದು ವಿಷಯ ಗಮನಿಸಿ: ಅನಿಲ ಒಳಹೋಗಿ ಹೊರಬರುವುದು ಆ ಟೈವೆಕ್‌ನ ಮೂಲಕವೇ. ಲೇಬಲ್ ದೊಡ್ಡದಾದಷ್ಟೂ ದಾರಿ ಮುಚ್ಚುತ್ತದೆ.

ಇನ್ನು ಡಿಪಿಐ, ಅಂದರೆ ಒಂದು ಇಂಚಿಗೆ ಎಷ್ಟು ಡಾಟ್ ಎಂಬುದು. ಹೆಚ್ಚಿನವರು ಎಡವುವುದು ಇಲ್ಲಿಯೇ. ಯುಡಿಐಗೆ (ಪ್ರತಿ ಸಾಧನವನ್ನು ಗುರುತಿಸುವ ಕೋಡ್‌ಗೆ) ಬಳಸುವ ಡೇಟಾ ಮ್ಯಾಟ್ರಿಕ್ಸ್ ಎಂಬ ಚೌಕಾಕಾರದ ಕೋಡ್‌ನಲ್ಲಿ ಜಿಟಿಐಎನ್ (ಉತ್ಪನ್ನದ ಗುರುತು ಸಂಖ್ಯೆ), ಮುಗಿಯುವ ದಿನಾಂಕ, ಲಾಟ್ ಸಂಖ್ಯೆ ಸೇರಿದರೆ ಸುಮಾರಾಗಿ 22×22 ಚೌಕಗಳಾಗುತ್ತವೆ. 203 ಡಿಪಿಐ ಪ್ರಿಂಟರ್‌ನ ಒಂದು ಡಾಟ್ ಎಂದರೆ 0.125 ಮಿ.ಮೀ. ಜಾಗಕ್ಕೆ ಹೊಂದಲಿ ಎಂದು ಡಿಸೈನ್ ಮಾಡುವವರು ಕೋಡನ್ನು ಎಳೆದು 7 ಮಿ.ಮೀ. ಮಾಡಿದರೆ ಪ್ರತಿ ಚೌಕಕ್ಕೆ ಎರಡೂವರೆ ಡಾಟ್ ಬರುತ್ತದೆ. ಅರ್ಧ ಡಾಟ್ ಮುದ್ರಿಸಲು ಯಾವ ಪ್ರಿಂಟರ್‌ಗೂ ಆಗದು. ಆದ್ದರಿಂದ ಕೆಲವು ಚೌಕ ಎರಡು ಡಾಟ್, ಕೆಲವು ಮೂರು. ಭೂತಗನ್ನಡಿ ಹಿಡಿದರೆ ಸಾಲುಗಳು ಏರುಪೇರಾಗಿರುವುದು ಕಾಣುತ್ತದೆ. 300 ಡಿಪಿಐನಲ್ಲಿ ಮೂರು ಡಾಟ್‌ಗೆ ಸರಿಯಾಗಿ 0.254 ಮಿ.ಮೀ., ಇಡೀ ಕೋಡ್ 5.6 ಮಿ.ಮೀ.ಗೆ ಮುಗಿಯುತ್ತದೆ. ಸುತ್ತ ಒಂದೊಂದು ಚೌಕದಷ್ಟು ಖಾಲಿ ಜಾಗ ಬಿಡಬೇಕು. ಸಣ್ಣ ಲೇಬಲ್ ಇದ್ದರೆ 300ಕ್ಕಿಂತ ಕಡಿಮೆಯದು ಬೇಡವೇ ಬೇಡ. ಕೋಡ್‌ನ ಅಳತೆಯನ್ನು ಮೌಸ್‌ನಿಂದ ಎಳೆಯದೆ ಡಾಟ್ ಲೆಕ್ಕದಲ್ಲೇ ನಮೂದಿಸಿ.

ಕೈಯ ಸ್ಕ್ಯಾನರ್ ‘ಬೀಪ್’ ಅಂದಿತು ಎಂದು ನಂಬಿ ಕೂರಬೇಡಿ. ಡೇಟಾ ಮ್ಯಾಟ್ರಿಕ್ಸ್ ತನ್ನ ತಪ್ಪುಗಳನ್ನು ತಾನೇ ತಿದ್ದಿಕೊಂಡು ಓದಿಸಿಕೊಳ್ಳುತ್ತದೆ; ಆ ತಿದ್ದುವ ಶಕ್ತಿಯೆಲ್ಲ ಕಾರ್ಖಾನೆಯಲ್ಲೇ ಖರ್ಚಾದರೆ ಆಸ್ಪತ್ರೆಯಲ್ಲಿ ಒಂದು ಗೀರು ಬಿದ್ದರೂ ಸಾಕು, ಓದದು. ಐಎಸ್‌ಒ/ಐಇಸಿ 15415 ಮಾನದಂಡದ ಪ್ರಕಾರ ಮುದ್ರಣದ ಗುಣಕ್ಕೆ ದರ್ಜೆ ಕೊಡುವ ವೆರಿಫೈಯರ್ ಯಂತ್ರ ಬೇಕು. ಕನಿಷ್ಠ 1.5, ಅಂದರೆ ಸಿ ದರ್ಜೆ, ಸ್ಟೆರಿಲೈಸ್ ಆದ ನಂತರವೂ ಉಳಿದಿರಬೇಕು.

ಎಲ್ಲಕ್ಕಿಂತ ಅಪಾಯದ್ದು ಕಣ್ಣಿಗೆ ಕಾಣದ ಒಂದು ಸೆಟ್ಟಿಂಗ್. ರಿಬ್ಬನ್ ಮುಗಿದಾಗ ಅಥವಾ ಲೇಬಲ್ ಸಿಕ್ಕಿಕೊಂಡಾಗ ಕೊನೆಯ ಲೇಬಲನ್ನು ಮತ್ತೆ ಮುದ್ರಿಸುವ ವ್ಯವಸ್ಥೆ ಅನೇಕ ಪ್ರಿಂಟರ್‌ಗಳಲ್ಲಿದೆ. ಅದು ಆನ್ ಆಗಿದ್ದರೆ ಒಂದೇ ಸೀರಿಯಲ್ ಸಂಖ್ಯೆಯ ಎರಡು ಲೇಬಲ್ ಹೊರಬರಬಹುದು; ಆಫ್ ಆಗಿದ್ದರೆ ಒಂದು ಸಂಖ್ಯೆ ಕಾಣೆಯಾಗಬಹುದು. ಮುಂದೆ ಸಾಧನವನ್ನು ವಾಪಸ್ ಕರೆಸಬೇಕಾದಾಗ ಯಾವ ರೋಗಿಗೆ ಯಾವುದು ಹೋಯಿತೆಂದು ಹೇಳುವುದೇ ಈ ಸಂಖ್ಯೆ. ಹಾಗಾಗಿ ಡೆಮೊ ಸಮಯದಲ್ಲೇ 50 ಸೀರಿಯಲ್ ಲೇಬಲ್ ಮುದ್ರಿಸಲು ಹಚ್ಚಿ, ಮಧ್ಯದಲ್ಲಿ ಬೇಕೆಂದೇ ರಿಬ್ಬನ್ ಕತ್ತರಿಸಿ, ಮುದ್ರಿಸುವ ಹೆಡ್ ಎತ್ತಿ, ಕರೆಂಟ್ ತೆಗೆಯಿರಿ, ನೆಟ್‌ವರ್ಕ್ ಕೇಬಲ್ ಎಳೆಯಿರಿ. ಪ್ರತಿ ಸಲವೂ ಹೊರಬಂದ ಲೇಬಲ್‌ಗಳನ್ನೆಲ್ಲ ಸ್ಕ್ಯಾನ್ ಮಾಡಿ ತಾಳೆ ನೋಡಿ. ಮಾರಾಟಗಾರರು ಹಿಂಜರಿದರೆ ಬೇರೆಯವರನ್ನು ಕರೆಸಿ.

ಕ್ಲೀನ್‌ರೂಮ್ (ಧೂಳಿಲ್ಲದ ಕೋಣೆ) ಒಳಗಿಡುವುದಾದರೆ ಕಟರ್ ಇರುವ ಪ್ರಿಂಟರ್ ಬೇಡ, ಕತ್ತರಿಸುವಾಗ ಕಾಗದದ ಧೂಳು ಏಳುತ್ತದೆ. ಲೇಬಲ್‌ನ ಹಿಂದಿನ ಹಾಳೆಯೂ ಕಾಗದದ್ದಾಗದಿರಲಿ, ಫಿಲ್ಮ್ ಲೈನರ್ ಕೇಳಿ. ಲೇಬಲ್‌ಗಿಂತ ರಿಬ್ಬನ್ ತುಸು ಅಗಲವಾಗಿರಲಿ, ಇಲ್ಲವಾದರೆ ಲೇಬಲ್‌ನ ಅಂಚು ಹೆಡ್‌ಗೆ ಉಜ್ಜಿ ಸವೆಸುತ್ತದೆ. ಪ್ರತಿ ರಿಬ್ಬನ್ ಬದಲಿಸುವಾಗ ಹೆಡ್ ಒರೆಸಿ. ಒಂದು ಡಾಟ್ ಸುಟ್ಟುಹೋದರೂ ಲೇಬಲ್ ಚಲಿಸುವ ದಿಕ್ಕಿನಲ್ಲಿ ಕೂದಲೆಳೆಯಂಥ ಬಿಳಿ ಗೆರೆ ಬೀಳುತ್ತದೆ. ಅದು ಮುಗಿಯುವ ದಿನಾಂಕದ ಮೇಲೆ ಹಾದರೆ 8 ಎಂಬುದು 3ರಂತೆ ಕಂಡೀತು. ಹೆಡ್ ಬದಲಿಸಿದ ಮೇಲೂ, ಫರ್ಮ್‌ವೇರ್ (ಪ್ರಿಂಟರ್ ಒಳಗಿನ ತಂತ್ರಾಂಶ) ಬದಲಿಸಿದ ಮೇಲೂ ಮರುಪರೀಕ್ಷೆ ಬೇಕಾಗುತ್ತದೆಯೇ ಎಂಬುದನ್ನು ಕ್ವಾಲಿಟಿ ವಿಭಾಗದವರ ಜೊತೆ ಕೂತು, ಆರ್ಡರ್ ಕೊಡುವ ಮುಂಚೆಯೇ ಬರೆದಿಡಿ.