ಹತ್ತು, ಸೊನ್ನೆ, ಕಾರ್ಬನ್: ಮೂರು ಶೂ, ಮೂರು ಥರದ ಕಾಲು

ಶೂ ಅಂಗಡಿಯಲ್ಲಿ ಎಲ್ಲರೂ ಸೋಲ್ ಒತ್ತಿ ಮೆತ್ತಗಿದೆಯಾ ಅಂತ ನೋಡುತ್ತಾರೆ. ನಾನು ಮೊದಲು ಡ್ರಾಪ್ ಎಷ್ಟು ಅಂತ ಕೇಳುತ್ತೇನೆ. ಮುಂಗಾಲಿಗಿಂತ ಹಿಮ್ಮಡಿಯ ಕೆಳಗೆ ಸೋಲ್ ಎಷ್ಟು ಮಿಮೀ ಜಾಸ್ತಿ ದಪ್ಪ ಇದೆಯೋ ಅದೇ ಡ್ರಾಪ್. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಮಣ್ಣುಹಾದಿಯಲ್ಲೂ ಹೊರಗಿನ ಟಾರು ರಸ್ತೆಯಲ್ಲೂ ಮೂರು ಬಗೆಯ ಶೂ ಬದಲಿಸಿ ಬದಲಿಸಿ ಓಡಿ ನೋಡಿದ್ದೇನೆ.

10 ಮಿಮೀ ಡ್ರಾಪ್‌ನದು ಮಾಮೂಲಿ ಶೂ. ಇದರಲ್ಲಿ ನನ್ನ ಹಿಮ್ಮಡಿಯೇ ಮೊದಲು ನೆಲ ಮುಟ್ಟುತ್ತದೆ. ತಿರುಗಿಸಿ ನೋಡಿದರೆ ಹಿಮ್ಮಡಿಯ ಹೊರ ಅಂಚು ಸವೆದು ನುಣ್ಣಗಾಗಿದೆ, ಮುಂಭಾಗದ ಗೆರೆಗಳು ಹಾಗೇ ಇವೆ. ಮೀನಖಂಡಕ್ಕೆ ಆರಾಮ. ಆದರೆ ಇಳಿಜಾರಿನಲ್ಲಿ ಮೊಣಕಾಲು ಗೊಣಗುತ್ತದೆ.

ಸೊನ್ನೆ ಡ್ರಾಪ್‌ನ ಕಥೆಯೇ ಬೇರೆ. ಮುಂದೆ ಅಗಲ ಇರುವುದರಿಂದ ಬೆರಳುಗಳು ಹರಡಿಕೊಳ್ಳುತ್ತವೆ. ಹೆಜ್ಜೆ ತಾನಾಗೇ ಚಿಕ್ಕದಾಗಿ, ಪಾದ ಮೈಯ ಕೆಳಗೇ ಬೀಳುತ್ತದೆ. ಕಿರುಬೆರಳಿನ ಬುಡದ ಹತ್ತಿರ ಸೋಲ್ ಸವೆಯುತ್ತದೆ. ಮೊಣಕಾಲು ಸುಮ್ನಾಯಿತು. ಆದರೆ ಮಾರನೇ ದಿನ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯಬೇಕಾಯಿತು! ಹಿಮ್ಮಡಿ ತಗ್ಗಿದಷ್ಟೂ ಮೀನಖಂಡ, ಅದನ್ನು ಹಿಮ್ಮಡಿಗೆ ಜೋಡಿಸುವ ಅಕಿಲಿಸ್ ಸ್ನಾಯುರಜ್ಜು ಎರಡೂ ಹೆಚ್ಚು ಎಳೆಯುತ್ತವೆ. ಹೊರೆ ಕಡಿಮೆ ಆಗಲಿಲ್ಲ, ಮೊಣಕಾಲಿನಿಂದ ಕೆಳಗಿಳಿಯಿತು ಅಷ್ಟೇ. ‘ಬರಿಗಾಲೇ ಸಹಜ’ ಅನ್ನುವವರು ಇದನ್ನು ಹೇಳುವುದಿಲ್ಲ. ಅವರ ಮೆಚ್ಚಿನ ಇಥಿಯೋಪಿಯಾದ ಓಟಗಾರ ಅಬೆಬೆ ಬಿಕಿಲಾ 1960ರಲ್ಲಿ ರೋಮ್ ಒಲಿಂಪಿಕ್ ಮ್ಯಾರಥಾನನ್ನು ಬರಿಗಾಲಲ್ಲಿ ಗೆದ್ದರು, ನಿಜ. 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕಿಕೊಂಡು, ಅದಕ್ಕಿಂತ ಮೂರು ನಿಮಿಷ ಬೇಗ ಗೆದ್ದರಲ್ವಾ!

ಮೂರನೆಯದು ಕಾರ್ಬನ್ ಪ್ಲೇಟ್ ಶೂ, ಅಂದರೆ ದಪ್ಪ ಸೋಲ್ ಒಳಗೆ ಗಟ್ಟಿ ಕಾರ್ಬನ್ ಹಾಳೆ ಇರುವಂಥದ್ದು. ರಸ್ತೆ ರೇಸಲ್ಲಿ ಸೋಲ್ 40 ಮಿಮೀ ದಾಟಬಾರದು ಅಂತ ಅಥ್ಲೆಟಿಕ್ಸ್‌ನ ಜಾಗತಿಕ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್ ಮಿತಿ ಹಾಕಿದೆ. ಹಾಗಾದರೆ ಎಷ್ಟು ದಪ್ಪ ಮಾಡುತ್ತಿದ್ದರೋ ನೋಡಿ. ಹೆಬ್ಬೆರಳ ಕೀಲು ಹೆಚ್ಚು ಬಾಗಲು ಪ್ಲೇಟ್ ಬಿಡುವುದಿಲ್ಲ. ಪಾದ ಉರುಳಿ ಮುಂದಕ್ಕೆ ಹೋಗುತ್ತದೆ. ಜೋರಾಗಿ ಓಡಿದರೆ ಖುಷಿ. ನಿಧಾನಕ್ಕೆ ಓಡಿದರೆ ಬರೀ ಎಡವಟ್ಟು. ಮಣ್ಣುಹಾದಿಯ ತಿರುವಲ್ಲಿ ಕಣಕಾಲು ಅಲ್ಲಾಡುತ್ತದೆ. ದಿನಾ ಹಾಕುವ ಶೂ ಅಲ್ಲವೇ ಅಲ್ಲ.

ನನ್ನ ದಿನದ ಓಟಕ್ಕೆ ಈಗ ಹತ್ತರದ್ದೇ. ಸೊನ್ನೆಯದು ವಾರಕ್ಕೊಮ್ಮೆ, ಅದೂ ಚಿಕ್ಕ ಓಟಕ್ಕೆ. ಅಕಿಲಿಸ್ ನೋವಿರುವವರು ಸೊನ್ನೆಯ ಹತ್ತಿರ ಹೋಗಬೇಡಿ. ಮೊಣಕಾಲು ಕಾಡುವವರು ಕಡಿಮೆ ಡ್ರಾಪ್ ನೋಡಬಹುದು. ಹತ್ತರಿಂದ ನೇರ ಸೊನ್ನೆಗೆ ಹಾರದೆ, ನಡುವೆ ಆರೋ ನಾಲ್ಕೋ ಮಿಮೀದು ಹಾಕಿಕೊಂಡು ಕೆಲವು ತಿಂಗಳು ಓಡಿ.