ಐದು ಕೆಜಿ ಅಕ್ಕಿಯೋ, 170 ರೂಪಾಯಿಯೋ?

ಹಳ್ಳಿಯ ಬಡ ಕುಟುಂಬಕ್ಕೆ ಸರ್ಕಾರ ಅಕ್ಕಿ ಕೊಡುವುದು ಒಳ್ಳೆಯದೋ, ದುಡ್ಡು ಕೊಡುವುದೋ ಎಂಬುದು ಪ್ರಶ್ನೆ. ನಮ್ಮ ಕರ್ನಾಟಕದಲ್ಲಿ ಎರಡೂ ನಡೆದಿವೆ. 2023ರ ಜುಲೈನಿಂದ ಅನ್ನಭಾಗ್ಯದ ಹೆಚ್ಚುವರಿ ಐದು ಕೆಜಿ ಅಕ್ಕಿಯ ಬದಲು ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಬಂತು. 2025ರಲ್ಲಿ ಮತ್ತೆ ಅಕ್ಕಿ ಶುರುವಾಯಿತು.

ಬೆಲೆ ನೋಡಿ. ಅಂಗಡಿಯಲ್ಲಿ ಅಕ್ಕಿ ಕೆಜಿಗೆ 50 ಆದರೆ 170ಕ್ಕೆ ಮೂರೂವರೆ ಕೆಜಿಯೂ ಬರಲ್ಲ. ಕೂಲಿ ಸಿಗದ ತಿಂಗಳಲ್ಲಿ ಡಬ್ಬದಲ್ಲಿರುವ ಅಕ್ಕಿಯೇ ಧೈರ್ಯ. ಸಾಲ ಕೊಟ್ಟವನು ಅದನ್ನು ಕೇಳುವುದೂ ಕಡಿಮೆ.

ಆದರೆ ಜೋಳದ ರೊಟ್ಟಿ, ರಾಗಿ ಮುದ್ದೆ ಉಣ್ಣುವ ಮನೆಗೆ ಅಷ್ಟೊಂದು ಅಕ್ಕಿ ಯಾಕೆ? ನಾಲ್ಕು ಜನರಿದ್ದರೆ 680 ರೂಪಾಯಿ. ಬೇಳೆ, ಎಣ್ಣೆ, ಮಗುವಿಗೆ ಮೊಟ್ಟೆ, ಅಜ್ಜಿಯ ಮಾತ್ರೆ. ಏನು ಬೇಕೆಂದು ಆ ತಾಯಿಗೆ ಚೆನ್ನಾಗಿ ಗೊತ್ತು, ಅಲ್ವಾ?

ತಲುಪುವ ವಿಷಯ: ಅಕ್ಕಿಗೆ ಹೆಬ್ಬೆಟ್ಟು ಒತ್ತಬೇಕು, ಕ್ಯೂ ನಿಲ್ಲಬೇಕು; ದುಡ್ಡಿಗೆ ಆಧಾರ್ ಜೋಡಿಸಿದ ಖಾತೆ ಬೇಕು.

ಸಂತೆ, ಬ್ಯಾಂಕು ಹತ್ತಿರವಿದ್ದು, ಖಾತೆ ಹೆಂಗಸಿನ ಕೈಯಲ್ಲಿದ್ದರೆ ನಾನು ದುಡ್ಡು ಎನ್ನುತ್ತೇನೆ. ಒಂಟಿ ಮುದುಕರಿಗೆ, ದೂರದ ಆದಿವಾಸಿ ಹಾಡಿಗಳಿಗೆ, ಬೆಲೆ ಏರುವ ಕಾಲಕ್ಕೆ ಅಕ್ಕಿಯೇ ಇರಲಿ.